ಮೋಸೆಲ್ ಕಣಿವೆಯಲ್ಲಿ ಒಂದು ದಿನ: ಯಾರಿಗೆ ಯಾವ ದಾರಿ?

ಮೇ ತಿಂಗಳು ಬಂತೆಂದರೆ ಜರ್ಮನಿಯ ಫ್ರಾಂಕ್‌ಫರ್ಟ್ ಸುತ್ತಮುತ್ತಲಿನ ಕನ್ನಡದ ಮನೆಗಳಿಗೆ ಊರಿನಿಂದ ಅಪ್ಪ ಅಮ್ಮ ಬರುತ್ತಾರೆ. ಹಿಂದೆಯೇ ನನಗೆ ಫೋನುಗಳು ಶುರು. "ಮೋಸೆಲ್ ಕಡೆ ಒಂದು ದಿನ ಹೋಗೋಣ ಅಂತಿದ್ದೇವೆ. ನದಿ ಲಾಳದ ಹಾಗೆ ಬಾಗುತ್ತಲ್ಲ, ಆ ಫೋಟೋ ಯಾವ ಜಾಗದ್ದು? ಎಲ್ಲಿ ಇಳಿಯಬೇಕು?" ಮೋಸೆಲ್ ಅಂದರೆ ಇಲ್ಲಿ ದ್ರಾಕ್ಷಿ ಗುಡ್ಡಗಳ ನಡುವೆ ಹರಿಯುವ ನದಿ. ಒಬ್ಬೊಬ್ಬರಿಗೆ ಒಂದೊಂದು ಉತ್ತರ ಕೊಡುತ್ತಾ ಬಂದಿದ್ದೇನೆ. ಜೊತೆಗೆ ಯಾರು ಬರುತ್ತಾರೆ, ಯಾವ ತಿಂಗಳು ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಅವನ್ನೆಲ್ಲ ಈಗ ಒಂದೇ ಕಡೆ ಬರೆಯುತ್ತಿದ್ದೇನೆ.

ರೈಲಿನಲ್ಲಿ ಕಿಟಕಿ ಪಕ್ಕ ಕೂತರೆ ಎಲ್ಲ ಕಂಡುಬಿಡುತ್ತದೆ ಅಂದುಕೊಳ್ಳಬೇಡಿ. ಕೋಬ್ಲೆಂಟ್ಸ್‌ನಿಂದ ಟ್ರಿಯರ್ ಕಡೆ ಹೋಗುವ ರೈಲು ಕೊಖೆಮ್ ಬಿಟ್ಟ ಕೂಡಲೇ 4 ಕಿಲೋಮೀಟರಿಗೂ ಉದ್ದದ ಸುರಂಗಕ್ಕೆ ನುಗ್ಗುತ್ತದೆ. ನದಿ ಅಲ್ಲಿ 20 ಕಿಲೋಮೀಟರಿಗೂ ಜಾಸ್ತಿ ಸುತ್ತು ಹಾಕುತ್ತದೆ. ರೈಲು ಅಷ್ಟನ್ನೂ ಗುಡ್ಡದ ಹೊಟ್ಟೆಯೊಳಗೇ ದಾಟಿ ಎಲ್ಲರ್ ಎಂಬಲ್ಲಿ ಹೊರಗೆ ಬರುತ್ತದೆ. 1879ರಲ್ಲಿ ಈ ದಾರಿಯಲ್ಲಿ ರೈಲು ಶುರುವಾಯಿತು. ಎಲ್ಲರ್ ಆದಮೇಲೆ ಒಂದು ಸೇತುವೆ, ಇನ್ನೊಂದು ಪುಟ್ಟ ಸುರಂಗ, ಆಮೇಲೆ ನೇಫ್. ನೀವು ಹುಡುಕುತ್ತಿರುವ ಲಾಳದ ಬಾಗು ಇರುವುದು ಈ ಪುಟ್ಟ ಸುರಂಗದ ಗುಡ್ಡದ ಆಚೆಗೆ. ಬ್ರೆಮ್ ಅನ್ನುವ ಹಳ್ಳಿಯ ಸುತ್ತ. ಇಳಿದು ನಡೆದವರಿಗಷ್ಟೇ ಅದು ಕಾಣುತ್ತದೆ.

ಈ ನದಿ ಯಾಕಿಷ್ಟು ಬಳುಕುತ್ತದೆ ಅನ್ನುವುದನ್ನೂ ಹೇಳಿಬಿಡುತ್ತೇನೆ. ಮೊದಲು ಇದು ಹೆಚ್ಚುಕಮ್ಮಿ ಸಮತಟ್ಟಾದ ನೆಲದ ಮೇಲೆ ಸೋಮಾರಿಯಾಗಿ ಬಳಸಿ ಹರಿಯುತ್ತಿತ್ತು. ಆಮೇಲೆ ನೆಲ ನಿಧಾನವಾಗಿ ಮೇಲೆದ್ದಿತು. ನದಿ ತನ್ನ ದಾರಿ ಬಿಡಲಿಲ್ಲ, ಅದೇ ಬಳುಕಿನಲ್ಲಿ ಕೆಳಕ್ಕೆ ಕೊರೆಯುತ್ತಾ ಹೋಯಿತು. ಕೊರೆದದ್ದು ಸುಮಾರು 40 ಕೋಟಿ ವರ್ಷ ಹಳೆಯ ಸ್ಲೇಟು ಕಲ್ಲನ್ನು. ಚಿಕ್ಕವರಿದ್ದಾಗ ಬಳಪ ಹಿಡಿದು ಬರೆಯುತ್ತಿದ್ದೆವಲ್ಲ, ಅದೇ ಜಾತಿಯ ಕಲ್ಲು. ಹಗಲಿನ ಬಿಸಿಲನ್ನು ಹಿಡಿದಿಟ್ಟುಕೊಂಡು ರಾತ್ರಿ ಬಿಡುತ್ತದೆ. ಇಷ್ಟು ಉತ್ತರದ ಚಳಿ ಸೀಮೆಯಲ್ಲೂ ರೀಸ್ಲಿಂಗ್ ದ್ರಾಕ್ಷಿ ಹಣ್ಣಾಗುವುದಕ್ಕೆ ಈ ಕಲ್ಲಿನ ಬಿಸಿ ದೊಡ್ಡ ಆಸರೆ. ನದಿ ಮಾತ್ರ ಈಗ ಶಾಂತ. 1964ರಲ್ಲಿ ಹಡಗು ಓಡುವ ಹಾಗೆ ಅಲ್ಲಲ್ಲಿ ಅಡ್ಡಗಟ್ಟೆ ಮತ್ತು ಹಡಗನ್ನು ಏರಿಸಿ ಇಳಿಸುವ ಲಾಕ್ ಕಟ್ಟಿ ಮುಗಿಸಿದ ಮೇಲೆ, ಗಾಳಿ ಇಲ್ಲದ ಬೆಳಗ್ಗೆ ನಮ್ಮೂರ ಕೆರೆಯ ಹಾಗೆ ನಿಂತಿರುತ್ತದೆ.

ಬ್ರೆಮ್‌ನ ಬಾಗು: ಒಂದೇ ಜಾಗಕ್ಕೆ ಮೂರು ದಾರಿ

ಹೆಚ್ಚಿನವರು ಕೇಳುವುದು ಇದನ್ನೇ. ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಬಾಗಿನ ಹೊರಬದಿಯಲ್ಲಿ ಕಾಲ್ಮೊಂಟ್ ಎಂಬ ಗುಡ್ಡ ನದಿಯಿಂದ ಎದ್ದು ನಿಂತಿದೆ. ತುದಿ ಸಮುದ್ರಮಟ್ಟದಿಂದ 378 ಮೀಟರ್. ನದಿಯಿಂದ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ 300 ಮೀಟರ್ ಏರು. ನಮ್ಮ ಬೆಟ್ಟಗಳ ಮುಂದೆ ಇದೇನು ಮಹಾ ಅನ್ನಿಸಬಹುದು. ಆದರೆ ಇಳಿಜಾರು ಕೆಲವು ಕಡೆ 60 ಡಿಗ್ರಿ ದಾಟುತ್ತದೆ. ಯುರೋಪಿನ ಅತಿ ಕಡಿದಾದ ದ್ರಾಕ್ಷಿ ತೋಟ ಎಂದು ಹೆಸರಾದದ್ದು ಇದೇ. ಆ ಗೋಡೆಯಂಥ ಇಳಿಜಾರಿನ ಮೇಲೆ ಗಾರೆ ಇಲ್ಲದೆ ಕಲ್ಲು ಪೇರಿಸಿ ಮೆಟ್ಟಿಲು ಮೆಟ್ಟಿಲಾಗಿ ಕಟ್ಟೆ ಕಟ್ಟಿದ್ದಾರೆ. ಒಂದೊಂದು ಕಟ್ಟೆಯ ಮೇಲೆ ನಾಲ್ಕೋ ಎಂಟೋ ಬಳ್ಳಿ.

ಮೊದಲನೇ ದಾರಿ, ಎಲ್ಲರೂ ಕೇಳಿರುವ ಏಣಿ ದಾರಿ. ಎಡಿಗರ್-ಎಲ್ಲರ್ ಸ್ಟೇಷನ್‌ನಲ್ಲಿ ಇಳಿದರೆ ಕೆಲವೇ ನಿಮಿಷದಲ್ಲಿ ಶುರು. ಗುಡ್ಡದ ನಡುಮಟ್ಟದಲ್ಲಿ ದ್ರಾಕ್ಷಿ ಕಟ್ಟೆಗಳ ನಡುವೆಯೇ ಬ್ರೆಮ್‌ವರೆಗೆ ಸುಮಾರು 3 ಕಿಲೋಮೀಟರ್. ದೂರ ನೋಡಿ ಮೋಸ ಹೋಗಬೇಡಿ, ನಿಂತು ನಿಂತು ಹೋಗಲು ಎರಡೂವರೆ ಮೂರು ಗಂಟೆ ಬೇಕು. ಬಂಡೆಗಳು ಅಡ್ಡ ಬಂದಲ್ಲಿ ಕಬ್ಬಿಣದ ಏಣಿ, ಬಂಡೆಗೆ ಹೊಡೆದ ಕಬ್ಬಿಣದ ಮೆಟ್ಟಿಲು, ಹಿಡಿದುಕೊಳ್ಳಲು ಉಕ್ಕಿನ ಹಗ್ಗ. ಆಲ್ಪ್ಸ್ ಕಡೆಯ ಹಗ್ಗದ ದಾರಿಗಳ ಪಕ್ಕ ಇಟ್ಟರೆ ಇದು ಸುಲಭ. ಸೊಂಟಕ್ಕೆ ಪಟ್ಟಿ ಕಟ್ಟಿಕೊಳ್ಳದೆಯೇ ಹೆಚ್ಚಿನವರು ಹೋಗುತ್ತಾರೆ. ಆದರೆ ಕಾಲ ಕೆಳಗೆ ನೂರಿನ್ನೂರು ಮೀಟರ್ ಖಾಲಿ ಕಂಡಾಗ ತಲೆ ತಿರುಗುವವರು ಖಂಡಿತ ಬೇಡ. ಹತ್ತು ವರ್ಷದ ಒಳಗಿನ ಮಕ್ಕಳನ್ನು ನಾನಂತೂ ಕರೆದುಕೊಂಡು ಹೋಗುವುದಿಲ್ಲ. ಮಳೆ ಬಂದ ಮಾರನೇ ದಿನವೂ ಬೇಡ. ಒದ್ದೆ ಸ್ಲೇಟು ಸೋಪಿನ ಹಾಗೆ ಜಾರುತ್ತದೆ.

ನಾನು ಮೊದಲ ಸಲ ಹೋದದ್ದು ಜುಲೈ ತಿಂಗಳ ನಡುಮಧ್ಯಾಹ್ನ. ಮೂವರಿಗೆ ಎರಡು ಬಾಟಲಿ ನೀರು. ಗುಡ್ಡ ದಕ್ಷಿಣಕ್ಕೆ ಮುಖ ಮಾಡಿದೆ, ಒಂದು ಮರದ ನೆರಳಿಲ್ಲ, ಕಲ್ಲು ಮೇಲಿನಿಂದಲೂ ಪಕ್ಕದಿಂದಲೂ ಸುಡುತ್ತದೆ. ಅರ್ಧ ದಾರಿಯಲ್ಲಿ ನಮ್ಮಲ್ಲೊಬ್ಬರು ಏಣಿಯ ನಡುವೆ ನಿಂತುಬಿಟ್ಟರು. ಕೈ ನಡುಗುತ್ತಿತ್ತು. ಹಿಂದೆ ಬರುತ್ತಿದ್ದ ಅಪರಿಚಿತ ದಂಪತಿ ತಮ್ಮ ನೀರು ಕೊಟ್ಟು, ಒಂದೊಂದೇ ಮೆಟ್ಟಿಲು ಹೇಳಿಕೊಟ್ಟು ಇಳಿಸಿದರು. ಕಾಲ್ಮೊಂಟ್ ಅನ್ನುವ ಹೆಸರು ಲ್ಯಾಟಿನ್‌ನ 'ಬಿಸಿ ಗುಡ್ಡ' ಅನ್ನುವ ಮಾತಿನಿಂದ ಬಂತು ಎಂದು ಇಲ್ಲಿಯವರು ಹೇಳುವುದು ಆವತ್ತಿನಿಂದ ನನಗೆ ಮರೆತಿಲ್ಲ. ಬೇಸಿಗೆಯಲ್ಲಿ ಹೋಗುವುದಾದರೆ ಬೆಳಗ್ಗೆ ಒಂಬತ್ತಕ್ಕೆಲ್ಲ ದಾರಿಯ ಮೇಲಿರಿ. ತಲೆಗೊಂದು ಲೀಟರ್‌ಗಿಂತ ಜಾಸ್ತಿ ನೀರು ಇರಲಿ.

ಎರಡನೇ ದಾರಿ ಬಹಳ ಜನಕ್ಕೆ ಗೊತ್ತೇ ಇಲ್ಲ. ಆ ಲಾಳದ ಫೋಟೋಗಾಗಿ ಏಣಿ ಹತ್ತಬೇಕಾಗಿಲ್ಲ! ಎಲ್ಲರ್‌ನಿಂದ ಗುಡ್ಡದ ನೆತ್ತಿಯ ಮೇಲೆಯೇ ಸಾಮಾನ್ಯ ಕಾಲುದಾರಿ ಇದೆ. ಪೆರ್ಲ್‌ನಿಂದ ಕೋಬ್ಲೆಂಟ್ಸ್‌ವರೆಗೆ 365 ಕಿಲೋಮೀಟರ್, 24 ಹಂತ ಇರುವ ಮೋಸೆಲ್‌ಸ್ಟೈಗ್ ಎಂಬ ದೊಡ್ಡ ನಡಿಗೆ ದಾರಿಯನ್ನು 2014ರಲ್ಲಿ ತೆರೆದರು. ಅದು ಇಲ್ಲಿಂದಲೇ ಹಾದುಹೋಗುತ್ತದೆ. ಶುರುವಿನ ಏರು ಕಡಿದು, ಏದುಸಿರು ಬರುತ್ತದೆ. ಆಮೇಲೆ ಕಾಡಿನ ಅಂಚು, ನೆರಳು. ತುದಿಯಲ್ಲಿ ಒಂದು ದೊಡ್ಡ ಶಿಲುಬೆ, ರೋಮನ್ನರ ಕಾಲದ ಪುಟ್ಟ ಗುಡಿಯೊಂದನ್ನು ಅದೇ ಜಾಗದಲ್ಲಿ ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ಅಲ್ಲಿಂದ ಕೆಳಗೆ ನೋಡಿದರೆ ನದಿ ಪೂರ್ತಿ ಬಾಗಿ ಬರುವುದು, ಬಾಗಿನೊಳಗಿನ ನಾಲಿಗೆಯಂಥ ನೆಲ, ಅದರ ಮೇಲೆ ಸ್ಟೂಬೆನ್ ಎಂಬ ಸನ್ಯಾಸಿನಿಯರ ಮಠದ ಹಾಳುಗೋಡೆ. ಫೋನಿನಲ್ಲಿ ನೋಡಿದ ಚಿತ್ರ ಅದೇ. ಮೊಣಕಾಲು ಗಟ್ಟಿ ಇದ್ದು ಎತ್ತರದ ಭಯ ಇರುವವರಿಗೆ ಈ ದಾರಿ. ಸಮಯ ಇದ್ದರೆ ಏಣಿ ದಾರಿಯಲ್ಲಿ ಹೋಗಿ, ಬ್ರೆಮ್‌ನಿಂದ ತುದಿ ಹತ್ತಿ, ನೆತ್ತಿಯ ದಾರಿಯಲ್ಲಿ ಎಲ್ಲರ್‌ಗೆ ವಾಪಸ್ ಬರಬಹುದು. ಊಟ ಸೇರಿ ಐದು ಗಂಟೆ ಇಟ್ಟುಕೊಳ್ಳಿ.

ಮೂರನೇ ದಾರಿ ಎದುರು ದಡದ್ದು. ನನ್ನನ್ನು ಕೇಳಿದರೆ, ಒಂದೇ ದಿನ ಇರುವವರು ಇಲ್ಲಿಗೇ ಬರಬೇಕು. ಕಾಲ್ಮೊಂಟ್ ಮೇಲೆ ನಿಂತಾಗ ನಿಮಗೆ ನದಿ ಕಾಣುತ್ತದೆ, ಕಾಲ್ಮೊಂಟ್ ಕಾಣುವುದಿಲ್ಲ. ಅದು ನಿಮ್ಮ ಕಾಲ ಕೆಳಗಿದೆ. ಈ ಕಣಿವೆಯಲ್ಲಿ ನೋಡಲೇಬೇಕಾದ್ದು ಆ ಗೋಡೆ, ಅದರ ಮೇಲೆ ಜನ ಮಾಡಿದ ಕೆಲಸ.

ಇದಕ್ಕೆ ನೇಫ್‌ನಲ್ಲಿ ಇಳಿಯಿರಿ. ಅಲ್ಲಿಂದ ಎರಡು ಆಯ್ಕೆ. ಹತ್ತಲು ಆಗುವವರು ಪೀಟರ್ಸ್‌ಬರ್ಗ್ ಗುಡ್ಡಕ್ಕೆ ಹತ್ತಿ. ಮೇಲೆ ಪುಟ್ಟ ಚಾಪೆಲ್, ಸುತ್ತ ಸ್ಮಶಾನ, ಇನ್ನೂ ಮುಂದೆ ಆಯ್ಲೆನ್‌ಕೋಪ್ಫ್‌ಶೆನ್ ಎಂಬ ನೋಟದ ಜಾಗ. ಎದುರಿಗೆ ಕಾಲ್ಮೊಂಟ್ ಪೂರ್ತಿ ನಿಂತಿರುತ್ತದೆ. ಏಣಿ ದಾರಿಯಲ್ಲಿ ಹೋಗುವವರು ಇರುವೆಗಳ ಹಾಗೆ ಕಾಣುತ್ತಾರೆ. ಹೋಗಿಬರಲು ಎರಡರಿಂದ ಮೂರು ಗಂಟೆ. ಹತ್ತಲು ಆಗದವರು ನೇಫ್‌ನಿಂದ ದಡದ ಪಕ್ಕದ ಸಮತಟ್ಟು ದಾರಿಯಲ್ಲಿ ಸ್ಟೂಬೆನ್ ಮಠದ ಹಾಳುಗೋಡೆಯವರೆಗೆ ಸುಮ್ನೆ ನಡೆದುಕೊಂಡು ಹೋಗಿ. ಮಗುವಿನ ತಳ್ಳುಗಾಡಿಯೂ ಹೋಗುತ್ತದೆ. ದಾರಿಯುದ್ದಕ್ಕೂ ನೀರಿನ ಆಚೆಗೆ ಅದೇ ಗುಡ್ಡ.

ನಾನು ಅಪ್ಪ ಅಮ್ಮನನ್ನು ಕರೆದುಕೊಂಡು ಹೋದದ್ದು ಈ ಸಮತಟ್ಟು ದಾರಿಯಲ್ಲಿ. ಅಪ್ಪನಿಗೆ ಚಿಕ್ಕಬಳ್ಳಾಪುರದ ಹತ್ತಿರ ಒಂದೂವರೆ ಎಕರೆ ದ್ರಾಕ್ಷಿ ಚಪ್ಪರ ಇತ್ತು. ಬೆಂಗಳೂರು ಬ್ಲೂ. ನನ್ನ ಓದೆಲ್ಲ ಅದರಲ್ಲೇ ಆದದ್ದು. ದಡದ ಬೆಂಚಿನ ಮೇಲೆ ಕೂತವರು ಎದುರಿನ ಗುಡ್ಡವನ್ನು ತುಂಬಾ ಹೊತ್ತು ನೋಡಿದರು. ಮೊದಲು ಕೇಳಿದ್ದು, "ಚಪ್ಪರ ಎಲ್ಲಿ?" ಚಪ್ಪರ ಇಲ್ಲ. ಇಲ್ಲಿ ಹಳೆಯ ಪದ್ಧತಿಯಲ್ಲಿ ಒಂದೊಂದು ಬಳ್ಳಿಗೂ ಒಂದೊಂದು ಮರದ ಗೂಟ. ಎರಡು ಕೊಂಬೆಯನ್ನು ಆ ಕಡೆ ಈ ಕಡೆ ಬಾಗಿಸಿ ಗೂಟಕ್ಕೆ ಕಟ್ಟುತ್ತಾರೆ, ದೂರದಿಂದ ನೋಡಿದರೆ ಅರಳಿ ಎಲೆಯ ಆಕಾರ. ಗೂಟಕ್ಕೆ ಕಟ್ಟಿದ ಬಳ್ಳಿಯ ಸುತ್ತ ನಾಲ್ಕೂ ಕಡೆಯಿಂದ ಓಡಾಡಬಹುದು, ಕಡಿದಾದ ಜಾಗದಲ್ಲಿ ಅದು ಬೇಕು. ಟ್ರ್ಯಾಕ್ಟರ್ ಹೋಗುವ ಮಾತೇ ಇಲ್ಲ. ಕೊಯ್ದ ಹಣ್ಣು ಇಳಿಸುವುದಕ್ಕೆ ಒಂಟಿ ಹಳಿಯ ಪುಟ್ಟ ಗಾಡಿ ಇದೆ, ಹಲ್ಲುಚಕ್ರ ಹಳಿಗೆ ಕಚ್ಚಿಕೊಂಡು ಏರುತ್ತದೆ, ಇಳಿಯುತ್ತದೆ. ಉಳಿದದ್ದೆಲ್ಲ ಕೈಕೆಲಸ. ಅಪ್ಪ ಒಂದು ಕಡೆ ಬೆರಳು ತೋರಿಸಿದರು. ಅಲ್ಲಿ ಕಟ್ಟೆಗಳು ಇದ್ದವು, ಬಳ್ಳಿ ಇರಲಿಲ್ಲ, ಮುಳ್ಳುಪೊದೆ ಬೆಳೆದಿತ್ತು. "ಅಲ್ಲಿ ಯಾರೋ ಕೈ ಬಿಟ್ಟಿದ್ದಾರೆ," ಅಂದರು. ಅವರ ಚಪ್ಪರದ ಜಾಗದಲ್ಲಿ ಈಗ ಸೈಟುಗಳಾಗಿವೆ. ಅದಾದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಆ ದಿನದಿಂದ ನಾನು ಯಾರಿಗೇ ಆಗಲಿ ಮೊದಲು ನೇಫ್ ಹೇಳುತ್ತೇನೆ, ಆಮೇಲೆ ಉಳಿದದ್ದು.

ನೇಫ್ ಅಥವಾ ಬುಲ್ಲಾಯ್?

ನೇಫ್ ಆದಮೇಲೆ ಮುಂದಿನ ನಿಲ್ದಾಣ ಬುಲ್ಲಾಯ್. ಇಲ್ಲಿ ಮೇಲೆ ರೈಲು, ಕೆಳಗೆ ರಸ್ತೆ ಇರುವ ಎರಡು ಅಂತಸ್ತಿನ ಸೇತುವೆ ಇದೆ, 1878ರದ್ದು. ಜರ್ಮನಿಯಲ್ಲಿ ಈ ತರಹದ್ದು ಅದೇ ಮೊದಲು. ಆ ಸೇತುವೆಯಲ್ಲೇ ನಡೆದು ಆಚೆ ದಡಕ್ಕೆ ಹೋಗಿ ಒಂದು ಗಂಟೆ ಹತ್ತಿದರೆ ಪ್ರಿನ್ಸೆನ್‌ಕೋಪ್ಫ್ ಎಂಬ ಗುಡ್ಡದ ಮೇಲೆ ಉಕ್ಕಿನ ನೋಟದ ಗೋಪುರ, ಸ್ವಲ್ಪ ಮುಂದೆ ಮರಿಯೆನ್‌ಬುರ್ಗ್ ಎಂಬ ಹಳೆಯ ಮಠ. ನದಿ ಇಲ್ಲಿ ತ್ಸೆಲ್ ಊರಿನ ಸುತ್ತ ದೊಡ್ಡ ಬಳಸು ಹಾಕಿ, ಹೊರಟ ಜಾಗದ ಬೆನ್ನಿಗೇ ವಾಪಸ್ ಬರುತ್ತದೆ. ನೀವು ನಿಲ್ಲುವುದು ಆ ಬಳಸಿನ ಅತಿ ಕಿರಿದಾದ ಕುತ್ತಿಗೆಯ ಮೇಲೆ. ಬಲಕ್ಕೆ ಒಂದು ಮೋಸೆಲ್, ಎಡಕ್ಕೆ ಒಂದು ಮೋಸೆಲ್. ಗೊತ್ತಿಲ್ಲದವರಿಗೆ ಎರಡು ನದಿ ಅನ್ನಿಸುತ್ತದೆ. ಪ್ಯೂಂಡರಿಶ್ ಎದುರಿಗೆ ಗುಡ್ಡದ ಬದಿಯಲ್ಲಿ 92 ಕಮಾನುಗಳ ರೈಲು ಸೇತುವೆಯೂ ಕಾಣುತ್ತದೆ.

ನದಿ ಭೂಮಿಯ ಮೇಲೆ ಏನು ಮಾಡಿದೆ ಎಂದು ಮಕ್ಕಳಿಗೆ ತೋರಿಸಬೇಕಾದರೆ ಬುಲ್ಲಾಯ್ ಮೇಲು. ಗೋಪುರ ಇದೆ, ರೈಲು ಇದೆ, ದಾರಿಯಲ್ಲಿ ಕಾಡಿನ ನೆರಳಿದೆ, ಮಕ್ಕಳಿಗೆ ಬೇಜಾರಾಗುವುದಿಲ್ಲ. ದ್ರಾಕ್ಷಿ ಬೆಳೆ, ಕಲ್ಲುಕಟ್ಟೆ ಹತ್ತಿರದಿಂದ ನೋಡುವ ಆಸೆ ಇದ್ದರೆ ನೇಫ್. ಏಣಿ ಹತ್ತುವ ಆಸೆ, ಆದರೆ ಕಾಲ್ಮೊಂಟ್‌ಗೆ ಧೈರ್ಯ ಸಾಲದು ಅನ್ನುವ ದೊಡ್ಡ ಮಕ್ಕಳಿದ್ದರೆ ತ್ಸೆಲ್‌ನಲ್ಲಿ ಕೊಲ್ಲಿಸ್ ಎಂಬ ಕಡಿದಾದ ದಾರಿ ಇದೆ. ಚಿಕ್ಕದು, ತೋಟಗಳ ನಡುವೆ ಕೊಲ್ಲಿಸ್ ಗೋಪುರದವರೆಗೆ ಏರುತ್ತದೆ. ಅದರಲ್ಲಿ ಕೈಕಾಲು ಪಳಗಿಸಿಕೊಂಡು ಮುಂದಿನ ವರ್ಷ ಕಾಲ್ಮೊಂಟ್‌ಗೆ ಹೋಗಬಹುದು.

ಬಿಸಿಲು ಜಾಸ್ತಿ ಇದ್ದರೆ: ಪಕ್ಕದ ಹಳ್ಳಗಳು

ಮೋಸೆಲ್‌ಗೆ ಎರಡೂ ಬದಿಯಿಂದ ಹಳ್ಳಗಳು ಇಳಿದು ಬರುತ್ತವೆ. 33 ಡಿಗ್ರಿ ಬಿಸಿಲಿನ ದಿನ ದ್ರಾಕ್ಷಿ ಗುಡ್ಡಗಳನ್ನು ಬಿಟ್ಟು ಇವುಗಳ ಒಳಗೆ ಹೋಗಿ.

ಮೋಸೆಲ್‌ಕೆರ್ನ್ ಸ್ಟೇಷನ್‌ನಿಂದ ಎಲ್ಟ್ಸ್‌ಬಾಖ್ ಹಳ್ಳದ ಪಕ್ಕವೇ ನಡೆದರೆ ಒಂದೂಕಾಲು ಗಂಟೆಯಲ್ಲಿ ಎಲ್ಟ್ಸ್ ಕೋಟೆ. ಊರು ಮುಗಿದು, ರಿಂಗೆಲ್‌ಸ್ಟೈನ್ ಗಿರಣಿಯ ಹತ್ತಿರ ಟಾರು ರಸ್ತೆ ಮುಗಿದ ಮೇಲೆ, ಪೂರ್ತಿ ಕಾಡು. ಏರಿಳಿತ ಇದೆ, ಬೇರುಗಳಿವೆ, ಆದರೆ ಭಯಪಡುವಂಥದ್ದೇನೂ ಇಲ್ಲ. ದಾರಿ ತಿರುಗುತ್ತಿದ್ದ ಹಾಗೆ ಕೋಟೆ ಒಮ್ಮೆಗೇ ಮರಗಳ ನಡುವೆ ಎದ್ದು ನಿಲ್ಲುತ್ತದೆ. ಮೂರು ಬದಿಗೂ ಹಳ್ಳ ಸುತ್ತಿರುವ ಬಂಡೆಯ ಮೇಲೆ ಕಟ್ಟಿದ್ದಾರೆ. 850 ವರ್ಷಕ್ಕೂ ಹೆಚ್ಚು ಕಾಲದಿಂದ ಒಂದೇ ಮನೆತನದ ಕೈಯಲ್ಲಿದೆ. ರೈನ್ ಮತ್ತು ಮೋಸೆಲ್ ದಡದ ಎಷ್ಟೋ ಕೋಟೆಗಳನ್ನು ಯುದ್ಧಗಳು ಉರುಳಿಸಿದವು, ಇದು ಹಾಗೇ ಉಳಿಯಿತು. ಹಳೆಯ 500 ಮಾರ್ಕಿನ ನೋಟಿನ ಮೇಲೆ ಇದೇ ಕೋಟೆಯ ಚಿತ್ರ ಇತ್ತು. ನಡೆಯಲಾರದ ಹಿರಿಯರಿಗೆ ಇನ್ನೊಂದು ಬದಿಯ ಕಾರು ನಿಲ್ಲಿಸುವ ಜಾಗದಿಂದ ಪುಟ್ಟ ಬಸ್ಸು ಓಡುತ್ತದೆ. ಒಂದು ಎಚ್ಚರ: ಚಳಿಗಾಲದಲ್ಲಿ ಕೋಟೆಯ ಒಳಗೆ ಬಿಡುವುದಿಲ್ಲ. ಹೆಚ್ಚುಕಮ್ಮಿ ಏಪ್ರಿಲ್‌ನಿಂದ ಅಕ್ಟೋಬರ್ ಕೊನೆಯವರೆಗೆ ಮಾತ್ರ.

ಎಲ್ಟ್ಸ್‌ನಲ್ಲಿ ಜನಜಾತ್ರೆ. ಅದು ಬೇಡ, ಕಾಡು ಸಾಕು ಅನ್ನುವವರು ಬ್ರೋಡನ್‌ಬಾಖ್ ಮೇಲಿನ ಎಯರ್‌ಬಾಖ್ ಕಮರಿಗೆ ಹೋಗಿ. ಇಕ್ಕಟ್ಟಾದ ಬಂಡೆಗಳ ನಡುವೆ ಹಳ್ಳ, ಅದರ ಮೇಲೆ ಮರದ ಕಾಲುಸೇತುವೆಗಳು, ಕೈಗೆ ಹಗ್ಗ. ಪಶ್ಚಿಮ ಘಟ್ಟದಲ್ಲಿ ನಡೆದು ರೂಢಿ ಇರುವವರಿಗೆ ಊರಿನ ನೆನಪು ಬರುತ್ತದೆ, ಜಿಗಣೆ ಮಾತ್ರ ಇಲ್ಲ. ಜೋರು ಮಳೆಯಾದ ಮೇಲೆ ಮರ ಬಿದ್ದು ದಾರಿ ಮುಚ್ಚುವುದುಂಟು, ಹೊರಡುವ ಮುನ್ನ ವಿಚಾರಿಸಿ. ಎಲ್ಟ್ಸ್‌ಗೆ ಮಾಮೂಲಿ ಶೂ ನಡೆಯುತ್ತದೆ, ಇಲ್ಲಿಗೆ ಹಿಡಿತ ಇರುವ ಶೂ ಬೇಕೇ ಬೇಕು.

ಗೈಯರ್‌ಲೈ ತೂಗುಸೇತುವೆಯ ಬಗ್ಗೆಯೂ ಬಹಳ ಜನ ಕೇಳುತ್ತಾರೆ. 2015ರಲ್ಲಿ ತೆರೆದದ್ದು, 360 ಮೀಟರ್ ಉದ್ದ, ಕೆಳಗಿನ ಹಳ್ಳದಿಂದ 100 ಮೀಟರ್ ಎತ್ತರ, ದುಡ್ಡು ಕೊಡಬೇಕಾಗಿಲ್ಲ. ಮೋರ್ಸ್‌ಡಾರ್ಫ್ ಹಳ್ಳಿಯಿಂದ ಸುಮಾರು 2 ಕಿಲೋಮೀಟರ್ ನಡೆಯಬೇಕು. ಚೆನ್ನಾಗಿದೆ. ಆದರೆ ಅದು ಮೇಲಿನ ಹುನ್ಸ್‌ರ್ಯೂಕ್ ಪ್ರಸ್ಥಭೂಮಿಯಲ್ಲಿದೆ. ಅಲ್ಲಿಂದ ಮೋಸೆಲ್ ಕಾಣುವುದಿಲ್ಲ, ದ್ರಾಕ್ಷಿಯೂ ಇಲ್ಲ, ಕಾರಿಲ್ಲದೆ ಹೋಗುವುದು ಕಷ್ಟ. ಮೋಸೆಲ್‌ಗೆ ಅಂತ ಇರುವ ಒಂದೇ ದಿನವನ್ನು ಇದಕ್ಕೆ ಕೊಡಬೇಡಿ.

ಫಾಲ್ವಿಗ್: ಚಿಟ್ಟೆಯ ದಾರಿ

ಇದು ಜೂನ್ ತಿಂಗಳಿಗಾಗಿಯೇ ಇರುವ ಆಯ್ಕೆ. ಕೊಖೆಮ್ ಎದುರು ದಡದಲ್ಲಿ, ನದಿ ಹರಿದು ಬರುವ ಕಡೆಗೆ ಸ್ವಲ್ಪ ಮೇಲೆ ಫಾಲ್ವಿಗ್ ಎಂಬ ಹಳ್ಳಿ ಇದೆ. ಅದರ ಮೇಲಿನ ಕಲ್ಲುಕಟ್ಟೆಗಳ ನಡುವೆ ಅಪೋಲೋ ದಾರಿ. ಬಿಳಿ ರೆಕ್ಕೆ, ಕಪ್ಪು ಚುಕ್ಕೆ, ಹಿಂದಿನ ರೆಕ್ಕೆಯಲ್ಲಿ ಕುಂಕುಮದ ಬೊಟ್ಟಿನಂಥ ಕೆಂಪು. ಅಪೋಲೋ ಚಿಟ್ಟೆಯ ಈ ಉಪಜಾತಿ ಇಡೀ ಜಗತ್ತಿನಲ್ಲಿ ಇರುವುದು ಮೋಸೆಲ್‌ನ ಈ ಕೆಳಭಾಗದಲ್ಲಿ ಮಾತ್ರ. ಮೇ ಕೊನೆಯಿಂದ ಜುಲೈವರೆಗೆ ಹಾರುತ್ತದೆ. ಅದರ ಹುಳು ತಿನ್ನುವುದು ಕಲ್ಲುಗೋಡೆಯ ಸಂದಿನಲ್ಲಿ ಬೆಳೆಯುವ ಬಿಳಿ ಹೂವಿನ ಒಂದು ಪುಟ್ಟ ಗಿಡವನ್ನು, ದಪ್ಪ ದಪ್ಪ ಎಲೆಯದ್ದು. ಆ ಗಿಡಕ್ಕೆ ಪೂರ್ತಿ ಬಿಸಿಲು ಬೇಕು. ತೋಟ ಪಾಳು ಬಿದ್ದು ಪೊದೆ ಬೆಳೆದರೆ ಗೋಡೆಗೆ ನೆರಳು. ಗಿಡ ಹೋಗುತ್ತದೆ, ಹಿಂದೆ ಚಿಟ್ಟೆಯೂ ಹೋಗುತ್ತದೆ. ಇತ್ತೀಚಿನ ವರ್ಷಗಳಲ್ಲಿ ಇದರ ಸಂಖ್ಯೆ ತುಂಬಾ ಇಳಿದಿದೆ. ನಾನು ಮೂರು ಸಲ ಹೋಗಿ ಎರಡು ಸಲ ನೋಡಿದ್ದೇನೆ, ಎರಡನೇ ಸಲ ಒಂದೇ ಒಂದು. ಹೋದವರು ದಾರಿ ಬಿಟ್ಟು ಗೋಡೆ ಹತ್ತಬೇಡಿ. ಚಿತ್ರಕ್ಕಾಗಿ ಅದರ ಹಿಂದೆ ಓಡಬೇಡಿ. ಅದೇ ಗೋಡೆಗಳ ಮೇಲೆ ಹಸಿರು ಹಲ್ಲಿಯೂ ಸಿಗುತ್ತದೆ, ಗಂಡಿನ ಗಂಟಲು ಆ ಕಾಲದಲ್ಲಿ ನೀಲಿ.

ಯಾವ ತಿಂಗಳು?

ಮಾರ್ಚ್ ಕೊನೆಯಿಂದ ಏಪ್ರಿಲ್‌ನಲ್ಲಿ ದ್ರಾಕ್ಷಿ ಬಳ್ಳಿ ಇನ್ನೂ ಬೋಳು. ಆದರೆ ತೋಟಗಳ ನಡುವೆ ಪೀಚ್ ಮರಗಳು ಗುಲಾಬಿ ಬಣ್ಣದಲ್ಲಿ ಹೂ ಬಿಟ್ಟಿರುತ್ತವೆ. ಒಳಗೆ ಕೆಂಪಗಿರುವ ಈ ಪೀಚನ್ನು ಸೆಪ್ಟೆಂಬರಿನಲ್ಲಿ ಕೊಯ್ದು ಜಾಮ್ ಮಾಡುತ್ತಾರೆ, ಹಸಿಯಾಗಿ ತಿನ್ನಲು ಗಟ್ಟಿ. ಕಾಲ್ಮೊಂಟ್‌ಗೆ ನನ್ನ ಪ್ರಕಾರ ಇದೇ ಒಳ್ಳೆಯ ಕಾಲ, ಬಿಟ್ಟರೆ ಅಕ್ಟೋಬರ್. ಅಕ್ಟೋಬರಿನಲ್ಲಿ ಗುಡ್ಡ ಪೂರ್ತಿ ಅರಿಶಿನ ಬಣ್ಣ, ಕೊಯ್ಲು ನಡೆದಿರುತ್ತದೆ. ಕೊಯ್ಯುವವರಿಗೆ ದಾರಿ ಬಿಡಿ. ಒಂದು ಗೊಂಚಲೂ ಕೀಳಬೇಡಿ. ಊರಿನಲ್ಲಿ ನಮ್ಮ ತೋಟಕ್ಕೆ ಯಾರಾದರೂ ಕೈ ಹಾಕಿದರೆ ಸುಮ್ಮನಿರುತ್ತಿದ್ದೆವಾ?

ಬೇಸಿಗೆಯಲ್ಲಿ ಇನ್ನೊಂದು ವಿಷಯ. ಈ ಕಡಿದಾದ ತೋಟಗಳಿಗೆ ಹೆಲಿಕಾಪ್ಟರಿನಿಂದ ಔಷಧಿ ಹೊಡೆಯುತ್ತಾರೆ. ಆ ಹೊತ್ತಿನಲ್ಲಿ ದಾರಿ ಮುಚ್ಚುತ್ತಾರೆ. ಬೋರ್ಡು ಕಂಡರೆ ನುಗ್ಗಬೇಡಿ, ಕಾಯಿರಿ.

ಊಟದ ವಿಷಯಕ್ಕೆ ಬಂದರೆ, ಭಾನುವಾರ ಹಳ್ಳಿಗಳಲ್ಲಿ ಅಂಗಡಿ ತೆರೆದಿರುವುದಿಲ್ಲ. ಪುಳಿಯೋಗರೆ, ಚಪಾತಿ, ಏನಾದರೂ ಕಟ್ಟಿಕೊಂಡೇ ಹೋಗಿ. ಬೆಳೆಗಾರರ ಮನೆಯಂಗಳದಲ್ಲೇ ನಡೆಯುವ ಶ್ಟ್ರೌಸ್‌ವಿರ್ಟ್‌ಶಾಫ್ಟ್ ಎಂಬ ಪುಟ್ಟ ಹೋಟೆಲುಗಳಿವೆ. ವರ್ಷಕ್ಕೆ ನಾಲ್ಕು ತಿಂಗಳು ಮಾತ್ರ ತೆರೆಯಬಹುದು ಎಂಬ ನಿಯಮ, ಬಾಗಿಲಿಗೆ ಸೊಪ್ಪಿನ ಕಟ್ಟೋ ಪೊರಕೆಯೋ ನೇತು ಹಾಕಿದ್ದರೆ ತೆರೆದಿದೆ ಎಂದರ್ಥ. ಅವರದೇ ತೋಟದ ವೈನ್, ಕುಡಿಯದವರಿಗೆ ಅವರದೇ ದ್ರಾಕ್ಷಿ ರಸ. ಅಮ್ಮ ಎರಡು ಲೋಟ ಕುಡಿದರು. ಸೆಪ್ಟೆಂಬರಿನಲ್ಲಿ ಈರುಳ್ಳಿ ಕೇಕ್ ಸಿಗುತ್ತದೆ, ತುಂಬಾ ರುಚಿ, ಆದರೆ ಅದರಲ್ಲಿ ಸಾಮಾನ್ಯವಾಗಿ ಹಂದಿ ಮಾಂಸದ ಚೂರು ಇರುತ್ತದೆ. ಸಸ್ಯಾಹಾರಿಗಳು ಕೇಳಿಯೇ ತಿನ್ನಿ. ಅದೇ ಕಾಲದಲ್ಲಿ ಇನ್ನೂ ಹುಳಿಯುತ್ತಿರುವ ಹೊಸ ವೈನ್, ಫೆಡರ್‌ವೈಸರ್, ಬಾಟಲಿಯಲ್ಲಿ ಮಾರುತ್ತಾರೆ. ಮುಚ್ಚಳ ಬಿಗಿಯಾಗಿರುವುದಿಲ್ಲ. ಬ್ಯಾಗಿನಲ್ಲಿ ಮಲಗಿಸಿದರೆ ಬಟ್ಟೆಯೆಲ್ಲ ವೈನ್, ನಿಲ್ಲಿಸಿಯೇ ತನ್ನಿ.

ಸ್ಟುಟ್‌ಗಾರ್ಟ್ ಕಡೆಯವರಿಗೆ

ಅಲ್ಲಿಂದ ಮೋಸೆಲ್‌ಗೆ ಒಂದೇ ದಿನದಲ್ಲಿ ಹೋಗಿಬರುವುದು ದಣಿವಿನ ಕೆಲಸ. ನಿಮ್ಮ ಹತ್ತಿರವೇ ನೆಕರ್ ನದಿ ಇದೆ. ಬೆಸಿಗ್‌ಹೈಮ್‌ನಲ್ಲಿ ರೈಲು ಇಳಿದು ಹೆಸ್ಸಿಗ್‌ಹೈಮ್ ಕಡೆ ನಡೆದರೆ ಫೆಲ್ಸನ್‌ಗಾರ್ಟನ್, ಅಂದರೆ ಬಂಡೆಗಳ ತೋಟ. ಸುಣ್ಣಕಲ್ಲಿನ ಗೋಪುರಗಳು ಸಾಲಾಗಿ ಸೀಳಿಕೊಂಡು ನಿಂತಿವೆ. ಕೆಳಗೆ ದ್ರಾಕ್ಷಿ ಕಟ್ಟೆಗಳು, ಅದರ ಕೆಳಗೆ ನದಿ. ಕಾಲ್ಮೊಂಟ್‌ನಷ್ಟು ಭಾರಿ ಅಲ್ಲ, ಆದರೆ ಬಂಡೆಗಳೇ ನೋಡಲು ಬೇಕಾದವರಿಗೆ ಮೋಸೆಲ್‌ಗಿಂತ ಇದೇ ವಾಸಿ, ನಡಿಗೆಯೂ ಹಗುರ.

ಇಲ್ಲಿ ನಮಗೆ ಇನ್ನೂ ಒಂದು ಕಾರಣ ಇದೆ. ಅಲ್ಲಿಗೆ ಹತ್ತಿರದ ಬ್ರಾಕೆನ್‌ಹೈಮ್ ಎಂಬ ದ್ರಾಕ್ಷಿ ಊರಿನಲ್ಲೇ 1811ರಲ್ಲಿ ಹೆರ್ಮನ್ ಮೋಗ್ಲಿಂಗ್ ಹುಟ್ಟಿದ್ದು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' ಹೊರತಂದವರು. ತೀರಿಕೊಂಡದ್ದು 1881ರಲ್ಲಿ, ಅದೇ ನೆಕರ್ ದಡದ ಎಸ್ಲಿಂಗನ್‌ನಲ್ಲಿ. ಅಲ್ಲೂ ಊರಿನ ನೆತ್ತಿಯ ಮೇಲೆಯೇ ದ್ರಾಕ್ಷಿ ತೋಟಗಳು. ಕನ್ನಡ ನಿಘಂಟಿನ ಕಿಟ್ಟೆಲ್ ಕೊನೆಯ ದಿನ ಕಳೆದ ಟ್ಯೂಬಿಂಗನ್ ಕೂಡ ನೆಕರ್ ಮೇಲೆಯೇ ಇದೆ. ಎಸ್ಲಿಂಗನ್‌ನ ತೋಟಗಳ ನಡುವೆ ನಡೆಯುವಾಗ ಮಕ್ಕಳಿಗೆ ಈ ಮಾತು ಹೇಳಿ, ಅವರು ಕೇಳುತ್ತಾರೆ.

ದಿನದ ಲೆಕ್ಕ

ಫ್ರಾಂಕ್‌ಫರ್ಟ್‌ನಿಂದ ಮೈಂಟ್ಸ್, ಕೋಬ್ಲೆಂಟ್ಸ್ ಮೇಲೆ ಹೋದರೆ ನೇಫ್‌ಗೆ ಹತ್ತಿರ ಹತ್ತಿರ ಮೂರು ಗಂಟೆ. ದೇಶದ ಎಲ್ಲ ಕಡೆ ಪ್ರಾದೇಶಿಕ ರೈಲಿಗೆ ನಡೆಯುವ ತಿಂಗಳ ಪಾಸು, ಡಾಯ್ಚ್‌ಲಾಂಡ್ ಟಿಕೆಟ್ ಸಾಕು, 2026ರ ಜನವರಿಯಿಂದ ತಿಂಗಳಿಗೆ 63 ಯೂರೋ. ವೇಗದ ರೈಲುಗಳಲ್ಲಿ ಅದು ನಡೆಯುವುದಿಲ್ಲ, ಪ್ರಾದೇಶಿಕ ರೈಲು ಹಿಡಿಯಿರಿ. ಮೋಸೆಲ್‌ಕೆರ್ನ್, ಎಡಿಗರ್-ಎಲ್ಲರ್, ನೇಫ್ ಮೂರರಲ್ಲೂ ನಿಲ್ಲುವುದು ಆರ್‌ಬಿ 81 ಎಂಬ ರೈಲು. ಕಡಿಮೆ ಕಡೆ ನಿಲ್ಲುವ ಆರ್‌ಇ 1 ಹತ್ತಿದರೆ ಕೊಖೆಮ್, ಬುಲ್ಲಾಯ್ ಸಿಗುತ್ತವೆ, ನೇಫ್ ಕಣ್ಣೆದುರೇ ದಾಟಿಹೋಗುತ್ತದೆ. ಹಳ್ಳಿಗಳ ನಡುವೆ ವಾರಾಂತ್ಯದಲ್ಲಿ ಬಸ್ಸು ಕಡಿಮೆ. ಹಾಗಾಗಿ ರೈಲು ನಿಲ್ದಾಣದಿಂದ ರೈಲು ನಿಲ್ದಾಣಕ್ಕೆ ನಡೆಯುವ ಹಾಗೆ ದಾರಿ ಹಾಕಿಕೊಳ್ಳಿ.

ಎರಡು ದಿನ ಇದ್ದು, ಮನೆಯಲ್ಲಿ ಮೂರು ತಲೆಮಾರಿನವರೂ ಇದ್ದರೆ ನಾನು ಹೀಗೆ ಮಾಡುತ್ತೇನೆ. ಮೊದಲ ದಿನ ಎಲ್ಲರೂ ಎಲ್ಟ್ಸ್‌ಗೆ, ರಾತ್ರಿ ಕೊಖೆಮ್‌ನಲ್ಲಿ. ಎರಡನೇ ದಿನ ಬೆಳಗ್ಗೆ ಹತ್ತಬಲ್ಲವರು ಎಲ್ಲರ್‌ನಲ್ಲಿ ಇಳಿದು ಕಾಲ್ಮೊಂಟ್‌ಗೆ. ಉಳಿದವರು ನಿಧಾನವಾಗಿ ಹೊರಟು ನೇಫ್‌ನಲ್ಲಿ ಇಳಿದು ದಡದ ದಾರಿಯಲ್ಲಿ ಸ್ಟೂಬೆನ್‌ಗೆ. ಹನ್ನೊಂದರ ಹೊತ್ತಿಗೆ ಈ ಕಡೆಯವರು ಬೆಂಚಿನ ಮೇಲೆ, ಆ ಕಡೆಯವರು ಗೋಡೆಯ ಮೇಲೆ. ಗುಡ್ಡದ ಮೇಲೆ ಇರುವವರು ಬಣ್ಣದ ಅಂಗಿ ಹಾಕಿಕೊಂಡು ಹೋಗಿ. ಕಪ್ಪು ಸ್ಲೇಟಿನ ಮೇಲೆ ಕಪ್ಪು ಅಂಗಿ ಈಚೆ ದಡಕ್ಕೆ ಕಾಣುವುದಿಲ್ಲ, ಕೆಂಪು ಹಳದಿಯಾದರೆ ಅಮ್ಮ ಇಲ್ಲಿಂದ ಕೈ ಬೀಸಬಹುದು.